ಹಳೆಯ ಕಡತಗಳ ಸಾಕ್ಷ್ಯ

ವೈದ್ಯಕೀಯ ವಿದ್ಯಾಲಯವೊಂದನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುವು ಅದರ ಪ್ರಯೋಗಶಾಲೆ, ಶಸ್ತ್ರಚಿಕಿತ್ಸೆಯ ಕೊಠಡಿ, ರೋಗಿಗಳಿಂದ ತುಂಬಿದ ವಾರ್ಡುಗಳು. ಹಳೆಯ ಕಾಗದಗಳನ್ನು ಇರಿಸಿದ ಕೋಣೆಯತ್ತ ಸುಳಿಯುವವರು ವಿರಳ. ರೋಗಿಯ ಪ್ರಾಣವನ್ನು ಉಳಿಸುವ ಎಡೆಯಲ್ಲಿ ಹಳೆಯ ಪತ್ರಗಳಿಗೂ ರಿಜಿಸ್ಟರುಗಳಿಗೂ ಏನು ಕೆಲಸವೆಂದು ಕೇಳುವವರೂ ಉಂಟು. ಈ ಪ್ರಶ್ನೆಗೆ ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಸಂಸ್ಥೆಯ ಚರಿತ್ರೆಯಲ್ಲಿ ಉತ್ತರವಿದೆ.

1873ರಲ್ಲಿ ತೀರಿಕೊಂಡ ಜಾನ್ಸ್ ಹಾಪ್ಕಿನ್ಸ್ ಎಂಬ ವರ್ತಕನು ವಿಶ್ವವಿದ್ಯಾಲಯಕ್ಕೂ ಆಸ್ಪತ್ರೆಗೂ ಒಟ್ಟು 70 ಲಕ್ಷ ಡಾಲರುಗಳನ್ನು ಮೀಸಲಿಟ್ಟಿದ್ದನು. ಆಸ್ಪತ್ರೆ 1889ರಲ್ಲಿ ಬಾಗಿಲು ತೆರೆಯಿತು. ಆದರೆ ವೈದ್ಯಕೀಯ ವಿದ್ಯಾಲಯವನ್ನು ತೆರೆಯಲು ಹಣ ಸಾಲದಾಯಿತು. ಆಗ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ಮಹಿಳೆ ಮೂರು ಲಕ್ಷ ಡಾಲರುಗಳಿಗೂ ಮಿಗಿಲಾದ ಹಣವನ್ನು ಕೊಡಲು ಮುಂದೆ ಬಂದರು. ಪುರುಷರಿಗೆ ಯಾವ ನಿಯಮವೋ ಸ್ತ್ರೀಯರಿಗೂ ಅದೇ ನಿಯಮದಂತೆ ಪ್ರವೇಶ ದೊರೆಯಬೇಕು ಎಂಬುದು ಅವರ ಷರತ್ತು. 1893ರಲ್ಲಿ ವಿದ್ಯಾಲಯ ಆರಂಭವಾದಾಗ ಮೊದಲ ತರಗತಿಯ 18 ಮಂದಿಯಲ್ಲಿ ಮೂವರು ಸ್ತ್ರೀಯರಿದ್ದರು. ಇಂತಹ ಷರತ್ತು ಬಾಯಿಮಾತಾಗಿ ಉಳಿದಿದ್ದರೆ ಕಾಲಾಂತರದಲ್ಲಿ ಮರೆತುಹೋಗಬಹುದಾಗಿತ್ತು. ಬರಹವಾಗಿ ಉಳಿದ ಮಾತು ಮಾತ್ರ ಮುಂದಿನ ತಲೆಮಾರನ್ನು ಕಟ್ಟಿಹಾಕಬಲ್ಲದು.

ಈ ಸಂಸ್ಥೆಯ ಕಾಗದಪತ್ರಗಳನ್ನು ಕಾಯ್ದಿರಿಸಲು 1978ರಲ್ಲಿ ಒಂದು ಪತ್ರಾಗಾರ ಸ್ಥಾಪಿತವಾಯಿತು. ಬಹುಕಾಲ ಅಲ್ಲಿನ ಡೀನ್ ಆಗಿದ್ದು, ಸಂಸ್ಥೆಯ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ ಆಲನ್ ಮೇಸನ್ ಚೆಸ್ನಿಯವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅಲ್ಲಿ ರಕ್ಷಿತವಾಗಿರುವ ಸಂಗ್ರಹಗಳಲ್ಲಿ ವಿವಿಯನ್ ಥಾಮಸ್ ಎಂಬುವರ ಕಾಗದಪತ್ರಗಳೂ ಸೇರಿವೆ.

ಆಫ್ರಿಕನ್ ಮೂಲದ ಅಮೆರಿಕನ್ನರಾದ ಥಾಮಸ್ ಬಡಗಿಯ ಕಸಬನ್ನು ಕಲಿತವರು. ವೈದ್ಯನಾಗಬೇಕೆಂದು ಕೂಡಿಟ್ಟಿದ್ದ ಹಣವು ಬ್ಯಾಂಕು ಮುಳುಗಿದಾಗ ಹೋಯಿತು. 1930ರಲ್ಲಿ ಅವರು ಡಾಕ್ಟರ್ ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಶಾಲೆಯಲ್ಲಿ ಸಹಾಯಕರಾದರು. 1941ರಲ್ಲಿ ಅವರೊಡನೆ ಬಾಲ್ಟಿಮೋರಿಗೆ ಬಂದರು. ಹೃದಯದ ದೋಷದಿಂದ ಶ್ವಾಸಕೋಶಗಳಿಗೆ ಸಾಕಷ್ಟು ರಕ್ತ ಹರಿಯದೆ ನೀಲಿಗಟ್ಟುತ್ತಿದ್ದ ಎಳೆಯ ಮಕ್ಕಳಿಗೆ ಆಗ ಚಿಕಿತ್ಸೆಯೇ ಇರಲಿಲ್ಲ. ಡಾಕ್ಟರ್ ಹೆಲೆನ್ ಟಾಸಿಗ್ ಅವರು ಈ ಸಮಸ್ಯೆಯನ್ನು ಮುಂದಿಟ್ಟಾಗ, ಒಂದು ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ಜೋಡಿಸುವ ವಿಧಾನವನ್ನು ನಾಯಿಗಳ ಮೇಲೆ ಪ್ರಯೋಗಿಸಿ ಪಳಗಿಸಿದವರು ಥಾಮಸ್. 1944ರ ನವೆಂಬರ್ 29ರಂದು ಬ್ಲೇಲಾಕ್ ಅವರು ಒಂದು ಹೆಣ್ಣು ಮಗುವಿಗೆ ಆ ಶಸ್ತ್ರಚಿಕಿತ್ಸೆಯನ್ನು ಮಾಡಿದಾಗ, ಹಿಂದೆ ಮಣೆಯೊಂದರ ಮೇಲೆ ನಿಂತು ಹಂತಹಂತಕ್ಕೂ ಸಲಹೆ ಕೊಟ್ಟವರೂ ಅವರೇ.

ಮರುವರ್ಷ ಅಚ್ಚಾದ ಪ್ರಸಿದ್ಧ ಲೇಖನದಲ್ಲಿ ಬ್ಲೇಲಾಕ್ ಮತ್ತು ಟಾಸಿಗ್ ಅವರ ಹೆಸರುಗಳಿದ್ದುವು. ಥಾಮಸ್ ಅವರ ಹೆಸರಿರಲಿಲ್ಲ. ಆ ಲೇಖನವೊಂದನ್ನೇ ಓದಿದವನಿಗೆ ಅಂತಹವರೊಬ್ಬರು ಇದ್ದರೆಂಬುದೇ ತಿಳಿಯದು. 1976ರಲ್ಲಿ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅವರ ಆತ್ಮಕಥೆ ಪ್ರಕಟವಾದುದು ಅವರು ನಿಧನರಾದ 1985ರಲ್ಲಿ. ಅಚ್ಚಾದ ಪುಟ ಮರೆತ ಮನುಷ್ಯನನ್ನು ಪತ್ರಗಳು, ಭಾವಚಿತ್ರಗಳು, ಕಂಡವರ ನೆನಪುಗಳು ಮರಳಿ ಬೆಳಕಿಗೆ ತರುತ್ತವೆ.

ಆದರೆ ಕಾಗದವು ತಾನಾಗಿ ಉಳಿಯುವ ವಸ್ತುವಲ್ಲ. ಗೆದ್ದಲು, ತೇವ, ಬಿಸಿಲು, ಧೂಳು ಅದರ ಹೊರಗಿನ ಶತ್ರುಗಳು. ಮರದ ತಿರುಳಿನಿಂದ ತಯಾರಾದ ಅನೇಕ ಹಳೆಯ ಕಾಗದಗಳ ಒಳಗೇ ಆಮ್ಲವೆಂಬ ಶತ್ರುವಿದ್ದು, ಅವು ಹಳದಿಗಟ್ಟಿ ಮುಟ್ಟಿದರೆ ಪುಡಿಯಾಗುತ್ತವೆ. ಆದುದರಿಂದ ಪತ್ರಾಗಾರಗಳಲ್ಲಿ ಕಡತಗಳನ್ನು ಆಮ್ಲರಹಿತ ಪೆಟ್ಟಿಗೆಗಳಲ್ಲಿಟ್ಟು, ಹದವಾದ ತಂಪಿನಲ್ಲಿ ಕಾಪಾಡುತ್ತಾರೆ. ಕಾಗದಗಳನ್ನು ಮನಬಂದಂತೆ ಬೆರೆಸದೆ, ಅವು ಬಂದ ಕ್ರಮದಲ್ಲಿಯೇ ಇರಿಸುವುದು ಇನ್ನೊಂದು ನಿಯಮ. ಒಂದು ಪತ್ರದ ಅರ್ಥ ಅದರ ಹಿಂದುಮುಂದಿನ ಪತ್ರಗಳಿಂದ ತಿಳಿಯುವುದುಂಟು.

ಕಾಪಾಡಿದರೆ ಸಾಲದು, ಬೇಕಾದವರಿಗೆ ಅದು ಸಿಗಬೇಕು. ಯಾವ ಪೆಟ್ಟಿಗೆಯಲ್ಲಿ ಏನಿದೆಯೆಂಬ ಸೂಚಿಯಿಲ್ಲದ ಪತ್ರಾಗಾರವು ಬೀಗದ ಕೈ ಕಳೆದುಹೋದ ಉಗ್ರಾಣದಂತೆ. ಇಂದು ಅನೇಕ ದಾಖಲೆಗಳ ಪ್ರತಿಗಳನ್ನು ಗಣಕಯಂತ್ರದ ಮೂಲಕ ದೂರದವರೂ ನೋಡಬಹುದಾಗಿದೆ. ಓದುವ ಕೊಠಡಿಯಲ್ಲಿ ಶಾಯಿಯ ಲೇಖನಿಗೆ ಎಡೆಯಿಲ್ಲ. ಸೀಸದ ಕಡ್ಡಿಯಲ್ಲಿಯೇ ಬರೆದುಕೊಳ್ಳಬೇಕು.

ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೂ ಸರಿಯಲ್ಲ. ರೋಗಿಯು ವೈದ್ಯರನ್ನು ನಂಬಿ ಹೇಳಿದ ಮಾತು ದಾಖಲೆಯಲ್ಲಿರುತ್ತದೆ. ಅಮೆರಿಕದ ಕಾನೂನು ವ್ಯಕ್ತಿಯು ತೀರಿಕೊಂಡ ಮೇಲೂ 50 ವರ್ಷಗಳವರೆಗೆ ಅವನ ಆರೋಗ್ಯದ ವಿವರಗಳಿಗೆ ರಕ್ಷಣೆ ನೀಡುತ್ತದೆ. ಸತ್ಯವನ್ನರಸುವವನ ಹಕ್ಕು, ನೊಂದವನ ಮಾನ ಇವೆರಡನ್ನೂ ತೂಗಿ ನೋಡುವುದೇ ಪತ್ರಪಾಲಕನ ಕಠಿಣವಾದ ಕರ್ತವ್ಯ.

ನಮ್ಮ ಶಾಲೆಯ ಕಪಾಟಿನಲ್ಲಿಯೂ ಹಳೆಯ ದಾಖಲಾತಿ ಪುಸ್ತಕಗಳಿರಬಹುದು. ಅವುಗಳ ಮೇಲಿನ ಧೂಳನ್ನು ಕೊಡಹುವಾಗ ನೆನಪಿರಲಿ: ಯಾರದೋ ಶ್ರಮಕ್ಕೆ ಉಳಿದಿರುವ ಒಂದೇ ಸಾಕ್ಷಿ ಆ ಪುಟಗಳಲ್ಲಿರಬಹುದು.