ಮಾಜಿ ಸೈನಿಕರ ಸೇವಾ ದಾಖಲೆಗಳಲ್ಲಿನ ದೋಷಗಳು ಮತ್ತು ಅವುಗಳ ತಿದ್ದುಪಡಿ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಸೈನಿಕರು ಸೇವೆಯಿಂದ ಬಿಡುಗಡೆ ಹೊಂದಿ ಊರಿಗೆ ಮರಳಿದರೂ ಅವರ ಸೇವಾ ದಾಖಲೆ ಊರಿಗೆ ಬರುವುದಿಲ್ಲ. ಅದು ಅವರ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯಲ್ಲಿಯೇ ಉಳಿಯುತ್ತದೆ. ಪಿಂಚಣಿ, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು, ಕ್ಯಾಂಟೀನ್ ಸೌಲಭ್ಯ, 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಡಿ ಮಾಜಿ ಸೈನಿಕರಿಗಿರುವ ಮೀಸಲು, ಇವೆಲ್ಲವೂ ಆ ಒಂದು ದಾಖಲೆಯನ್ನೇ ಆಧರಿಸಿವೆ. ಅದರಲ್ಲಿ ಪತ್ನಿಯ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಸೈನಿಕರು ಬದುಕಿರುವವರೆಗೆ ಯಾರ ಗಮನಕ್ಕೂ ಬಾರದಿರಬಹುದು. ಅವರು ತೀರಿಕೊಂಡ ನಂತರ ಪತ್ನಿಯು ಕುಟುಂಬ ಪಿಂಚಣಿ ಕೇಳಿದಾಗ ಆ ಅಕ್ಷರ ಎದುರು ನಿಲ್ಲುತ್ತದೆ. ತಪ್ಪನ್ನು ವಿವರಿಸಿ ಹೇಳಬಲ್ಲ ಒಬ್ಬರೇ ವ್ಯಕ್ತಿ ಆಗ ಇರುವುದಿಲ್ಲ.

ಆದುದರಿಂದ ಬಾಳೂರು ಹೋಬಳಿಯಂತಹ ಮಲೆನಾಡು ಪ್ರದೇಶದ ಸದಸ್ಯರು ಈ ವಿಷಯವನ್ನು ಅರಿತಿರುವುದು ಅಗತ್ಯ. ಇಲ್ಲಿ ಮನೆಗಳು ತೋಟದ ನಡುವೆ ಚದುರಿವೆ. ಮಳೆಗಾಲದ ತೇವ ಮತ್ತು ಗೆದ್ದಲಿಗೆ ಟ್ರಂಕಿನಲ್ಲಿಟ್ಟ ಕಾಗದವೂ ಉಳಿಯುವುದು ಕಷ್ಟ. 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಮುಂತಾದೆಡೆ ಗುಡ್ಡ ಕುಸಿದಾಗ ಮನೆಗಳೇ ಹೋದವು. ಮನೆಯೊಂದಿಗೆ ಹೋದ ಕಾಗದಗಳ ಲೆಕ್ಕವನ್ನು ಯಾವ ಪರಿಹಾರ ಪಟ್ಟಿಯಲ್ಲಿಯೂ ಬರೆಯುವುದಿಲ್ಲ.

ಮೊದಲಿಗೆ ದಾಖಲೆಗಳ ಪರಿಚಯ. ಸೈನಿಕರು ಭರ್ತಿಯಾದಂದಿನಿಂದ ಅವರ ವಿವರಗಳನ್ನು ಬರೆದಿಡುವ ಮೂಲ ದಾಖಲೆಗೆ ಶೀಟ್ ರೋಲ್ ಎಂದು ಹೆಸರು. ಸೇವೆಯ ಅವಧಿಯಲ್ಲಿ ನಡೆಯುವ ಮದುವೆ, ಮಕ್ಕಳ ಜನನ ಮುಂತಾದ ಪ್ರತಿಯೊಂದು ಸಂಗತಿಯೂ ‘ಪಾರ್ಟ್ ಟೂ ಆರ್ಡರ್’ ಎಂಬ ಆದೇಶದ ಮೂಲಕ ಪ್ರಕಟವಾಗಿ ಅದರಲ್ಲಿ ಸೇರುತ್ತದೆ. ಬಿಡುಗಡೆಯ ದಿನ ಸೈನಿಕರ ಕೈಗೆ ಡಿಸ್ಚಾರ್ಜ್ ಪುಸ್ತಕ ಸಿಗುತ್ತದೆ. ಪಿಂಚಣಿಗೆ ಅರ್ಹರಾದವರಿಗೆ ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ ಕಚೇರಿಯು ಪಿಂಚಣಿ ಪಾವತಿ ಆದೇಶವನ್ನು ಹೊರಡಿಸುತ್ತದೆ. ಇದನ್ನೇ ಎಲ್ಲರೂ ಪಿಪಿಒ ಎನ್ನುವುದು. ಈಗ ಪಿಂಚಣಿಯು ಬ್ಯಾಂಕಿನ ಬದಲು ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಯ ಮೂಲಕ ಪಾವತಿಯಾಗುತ್ತಿದೆ. ಹಿಂದೆ ಬ್ಯಾಂಕಿನ ಗುಮಾಸ್ತರು ಪಿಂಚಣಿದಾರರನ್ನು ಮುಖ ನೋಡಿ ಗುರುತಿಸುತ್ತಿದ್ದರು. ಗಣಕಯಂತ್ರ ಅಕ್ಷರವನ್ನಷ್ಟೇ ಹೋಲಿಸುತ್ತದೆ. ದಶಕಗಳಿಂದ ಸುಮ್ಮನಿದ್ದ ಅನೇಕ ದೋಷಗಳು ಈಗ ಮೇಲೆ ಬರುತ್ತಿರುವುದಕ್ಕೆ ಇದೇ ಕಾರಣ.

ಎಲ್ಲ ವ್ಯತ್ಯಾಸಗಳೂ ದೋಷಗಳಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. 1973ರ ನವೆಂಬರ್ 1ಕ್ಕೆ ಮೊದಲು ಭರ್ತಿಯಾದವರ ದಾಖಲೆಯಲ್ಲಿ ರಾಜ್ಯದ ಹೆಸರು ಮೈಸೂರು ಎಂದೇ ಇರುತ್ತದೆ. ಜಿಲ್ಲೆಯ ಹೆಸರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬದಲಾಗಿದೆ. ಕಳಸವು ಪ್ರತ್ಯೇಕ ತಾಲ್ಲೂಕಾದ ಮೇಲೆ ಆ ಭಾಗದವರ ಆಧಾರ್‌ನಲ್ಲಿ ಒಂದು ತಾಲ್ಲೂಕು, ಹಳೆಯ ಸೇವಾ ದಾಖಲೆಯಲ್ಲಿ ಮೂಡಿಗೆರೆ ತಾಲ್ಲೂಕು ಇರುವುದು ಸಹಜ. ಇವುಗಳಿಗಾಗಿ ಅಫಿಡವಿಟ್ ಮಾಡಿಸಿ ಹಣ ಕಳೆಯುವ ಅಗತ್ಯವಿಲ್ಲ. ಕೇಳಿದಲ್ಲಿ ಎರಡೂ ಒಂದೇ ಸ್ಥಳವೆಂದು ಒಂದು ಸಾಲಿನ ದೃಢೀಕರಣ ಸಾಕು.

ನಿಜವಾದ ತೊಡಕು ಹೆಸರಿನಲ್ಲಿದೆ. ಮಂಜಪ್ಪಗೌಡ ಎಂಬ ಹೆಸರನ್ನೇ ತೆಗೆದುಕೊಂಡರೆ, ಕನ್ನಡದಲ್ಲಿ ಅದು ಒಂದೇ. ಇಂಗ್ಲಿಷಿನಲ್ಲಿ ‘ಗೌಡ’ ಪದವನ್ನು ಒಬ್ಬರು ಡಬ್ಲ್ಯೂ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಯು ಹಾಕಿ ಬರೆಯುತ್ತಾರೆ. ಒಂದು ಕಡೆ ಹೆಸರು ಕೂಡಿರುತ್ತದೆ, ಇನ್ನೊಂದು ಕಡೆ ಬಿಡಿಸಿರುತ್ತದೆ. ನಮ್ಮ ಕಡೆಯ ಇನಿಷಿಯಲ್ ಪದ್ಧತಿ ಮತ್ತೊಂದು ತೊಡಕು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟುಕೊಳ್ಳುವ ರೂಢಿ ಉತ್ತರ ಭಾರತದ ನಮೂನೆಗಳಿಗೆ ಹೊಂದುವುದಿಲ್ಲ. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಚೌಕಗಳಲ್ಲಿ ಇನಿಷಿಯಲ್ ಅನ್ನು ಬಿಡಿಸಿ ತುಂಬಿದರೆ ವ್ಯಕ್ತಿಯ ಮೊದಲ ಹೆಸರೇ ‘ಬಾಳೂರು’ ಎಂದಾಗುವ ಸಂಭವವಿದೆ. ಪತ್ನಿಯ ಹೆಸರಿನಲ್ಲಿ ಸರೋಜ ಮತ್ತು ಸರೋಜಮ್ಮ ಎಂಬಷ್ಟು ವ್ಯತ್ಯಾಸವಿದ್ದರೂ ಗಣಕಕ್ಕೆ ಅವರು ಇಬ್ಬರು ಬೇರೆ ಬೇರೆ ಸ್ತ್ರೀಯರು.

ಇನ್ನೊಂದು ತೊಡಕು ಜನ್ಮದಿನಾಂಕ. ಇದರಲ್ಲಿ ಸೈನಿಕರ ಜನ್ಮದಿನಾಂಕ ಮತ್ತು ಪತ್ನಿಯ ಜನ್ಮದಿನಾಂಕ ಎಂಬ ಎರಡು ಪ್ರಶ್ನೆಗಳಿದ್ದು, ಅವುಗಳಿಗೆ ಎರಡು ಬೇರೆ ಉತ್ತರಗಳಿವೆ. ಇದನ್ನು ಬೆರೆಸಿಕೊಂಡು ಅಲೆಯುವವರು ಬಹಳ.

ಸೈನಿಕರ ಜನ್ಮದಿನಾಂಕವು ಭರ್ತಿಯಂದು ಬರೆದದ್ದೇ ಅಂತಿಮವೆಂದು ತಿಳಿಯುವುದು ಒಳ್ಳೆಯದು. ದಶಕಗಳ ನಂತರ ಎಚ್ಚೆತ್ತು ಜನ್ಮದಿನಾಂಕ ಬದಲಿಸಬೇಕೆಂದು ಸರ್ಕಾರಿ ನೌಕರರು ಹಕ್ಕಿನಿಂದ ಕೇಳಲಾಗದು ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣ ಎಲ್ಲರಿಗೂ ನೆನಪಿರಬಹುದು. ಅವರ ಶಾಲಾ ಪ್ರಮಾಣಪತ್ರದಲ್ಲಿ 1951ರ ಮೇ 10 ಎಂದಿತ್ತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರಲು ತುಂಬಿದ ಅರ್ಜಿಯಲ್ಲಿ 1950ರ ಮೇ 10 ಎಂದಿತ್ತು. ಸೇನಾ ಕೇಂದ್ರ ಕಚೇರಿಯ ಎರಡು ಶಾಖೆಗಳು ಎರಡು ಬೇರೆ ವರ್ಷಗಳನ್ನು ದಶಕಗಳ ಕಾಲ ಇಟ್ಟುಕೊಂಡಿದ್ದವು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2012ರ ಫೆಬ್ರವರಿ 10ರಂದು ಅವರು ಅರ್ಜಿಯನ್ನು ಹಿಂಪಡೆದು, ಅದೇ ವರ್ಷ ಮೇ 31ರಂದು ನಿವೃತ್ತರಾದರು. ಸೇನಾ ಮುಖ್ಯಸ್ಥರಿಗೇ ಸಾಧ್ಯವಾಗದ ತಿದ್ದುಪಡಿಯನ್ನು ನಿವೃತ್ತ ಸಿಪಾಯಿಯೊಬ್ಬರಿಗೆ ಮಾಡಿಸಿಕೊಡುವೆನೆಂದು ಮಧ್ಯವರ್ತಿ ಹಣ ಕೇಳಿದರೆ ಸದಸ್ಯರು ಎಚ್ಚರಿಸಬೇಕು. ಸೈನಿಕರ ಆಧಾರ್‌ನಲ್ಲಿನ ದಿನಾಂಕ ಸೇವಾ ದಾಖಲೆಗಿಂತ ಬೇರೆ ಇದ್ದರೆ, ಸೇವಾ ದಾಖಲೆಯ ಆಧಾರದ ಮೇಲೆ ಆಧಾರ್ ಅನ್ನು ತಿದ್ದಿಸಬೇಕೇ ಹೊರತು ಸೇವಾ ದಾಖಲೆಯನ್ನಲ್ಲ.

ಪತ್ನಿಯ ಜನ್ಮದಿನಾಂಕದ ವಿಷಯ ಹಾಗಲ್ಲ. ಅದನ್ನು ಸೇರಿಸಲೂ ತಿದ್ದಲೂ ಅವಕಾಶವಿದೆ. ಅದರಲ್ಲಿ ಹಣದ ಪ್ರಶ್ನೆಯೂ ಇದೆ. ಪಿಂಚಣಿದಾರರಿಗೂ ಕುಟುಂಬ ಪಿಂಚಣಿದಾರರಿಗೂ 80 ವರ್ಷ ತುಂಬಿದ ಮೇಲೆ ಮೂಲ ಪಿಂಚಣಿಯ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50 ಮತ್ತು 100 ವರ್ಷಕ್ಕೆ ಶೇ. 100ರಷ್ಟು ಹೆಚ್ಚುವರಿ ಪಿಂಚಣಿ ದೊರೆಯುತ್ತದೆ. ಏಳನೇ ವೇತನ ಆಯೋಗದ ನಂತರ ಕನಿಷ್ಠ ಪಿಂಚಣಿ ತಿಂಗಳಿಗೆ 9,000 ರೂಪಾಯಿ. ಅಷ್ಟನ್ನೇ ಪಡೆಯುವ ವಿಧವೆಗೆ 80ರ ನಂತರ ತಿಂಗಳಿಗೆ 1,800 ರೂಪಾಯಿ ಹೆಚ್ಚುವರಿಯಾಗಿ ಸಿಗಬೇಕು. ತುಟ್ಟಿ ಪರಿಹಾರ ಬೇರೆ. ಪಿಪಿಒದಲ್ಲಿ ಆಕೆಯ ವಯಸ್ಸು 5 ವರ್ಷ ಕಡಿಮೆ ನಮೂದಾಗಿದ್ದರೆ, ಆ 60 ತಿಂಗಳಲ್ಲಿ ಕಳೆದುಕೊಳ್ಳುವ ಮೊತ್ತ ತುಟ್ಟಿ ಪರಿಹಾರವನ್ನು ಬಿಟ್ಟು 1,08,000 ರೂಪಾಯಿ. ಜನ್ಮದಿನಾಂಕವೇ ನಮೂದಾಗದಿದ್ದರೆ 80 ತುಂಬಿದ್ದು ವ್ಯವಸ್ಥೆಗೆ ತಿಳಿಯುವುದೇ ಇಲ್ಲ.

ಆದರೆ ಆಕೆಯ ಸರಿಯಾದ ಜನ್ಮದಿನಾಂಕ ಯಾವುದು? ಜನನ ಮರಣ ನೋಂದಣಿ ಕಾಯಿದೆ 1969ರದು. ಇಂದು 80ರ ಆಸುಪಾಸಿನಲ್ಲಿರುವವರು ಅದಕ್ಕಿಂತ ಬಹಳ ಮೊದಲು ಹುಟ್ಟಿದವರು. ಅನೇಕರ ಆಧಾರ್‌ನಲ್ಲಿ ಜನವರಿ 1 ಎಂದಿರುವುದನ್ನು ಸದಸ್ಯರು ನೋಡಿಯೇ ಇರುತ್ತಾರೆ. ಅಂದಾಜಿನ ವಯಸ್ಸು ಹೇಳಿದಾಗ ನಮೂದಾಗುವ ದಿನಾಂಕ ಅದು. ಆಧಾರ್ ಜನ್ಮದಿನಾಂಕಕ್ಕೆ ಖಚಿತ ಪುರಾವೆಯಲ್ಲವೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅಭಿಪ್ರಾಯಪಟ್ಟಿದೆ. ಹಾಗಾಗಿ ಹಳೆಯ ಪ್ರಾಥಮಿಕ ಶಾಲೆಯ ದಾಖಲಾತಿ ವಹಿಯಿಂದ ಹುಡುಕಾಟ ಆರಂಭಿಸಬೇಕು. ಎರಡನೇ ತರಗತಿಗೇ ಶಾಲೆ ಬಿಟ್ಟವರ ಹೆಸರೂ ಆ ವಹಿಯಲ್ಲಿ ಇರುತ್ತದೆ, ಮತ್ತು ಪಿಂಚಣಿಯ ಯೋಚನೆಯೇ ಇಲ್ಲದ ಕಾಲದಲ್ಲಿ ಬರೆದುದಾದ್ದರಿಂದ ಅದಕ್ಕೆ ತೂಕವಿದೆ. ಅದು ದೊರೆತರೆ ಮೊದಲು ಆಧಾರ್ ತಿದ್ದಿಸಿ ಅನಂತರ ರೆಕಾರ್ಡ್ಸ್ ಕಚೇರಿಗೆ ಬರೆಯಬಹುದು. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಬಾರಿ ಅವಕಾಶವಿರುವುದರಿಂದ, ಪುರಾವೆ ಕೈಗೆ ಬರುವ ಮೊದಲೇ ಅವಸರದಿಂದ ತಿದ್ದಿಸಿದರೆ ಮುಂದಿನ ದಾರಿ ಮುಚ್ಚಿಹೋಗುತ್ತದೆ. ಹಳೆಯ ಜನನವನ್ನು ಈಗ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಈ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರಿಗೆ ಸೇರಿದೆ.

ಅರ್ಜಿ ಹೋಗಬೇಕಾದ ಸ್ಥಳವನ್ನು ತಿಳಿಯಲು ಸೈನಿಕರ ರೆಜಿಮೆಂಟಲ್ ಸಂಖ್ಯೆ ಮತ್ತು ದಳದ ಹೆಸರು ಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನ ದಾಖಲೆಗಳು ಬೆಂಗಳೂರಿನಲ್ಲಿ, ಮದ್ರಾಸ್ ರೆಜಿಮೆಂಟಿನವು ನೀಲಗಿರಿಯ ವೆಲಿಂಗ್ಟನ್‌ನಲ್ಲಿ, ಮರಾಠಾ ಲಘು ಪದಾತಿದಳದವು ಬೆಳಗಾವಿಯಲ್ಲಿ, ಫಿರಂಗಿದಳದವು ನಾಸಿಕದಲ್ಲಿ, ಸಿಗ್ನಲ್ಸ್‌ನವು ಜಬಲ್ಪುರದಲ್ಲಿ, ಇಎಂಇ ದಳದವು ಸಿಕಂದರಾಬಾದಿನಲ್ಲಿ ಇವೆ. ವಾಯುಸೇನೆಯ ರೆಕಾರ್ಡ್ಸ್ ಕಚೇರಿ ದೆಹಲಿಯಲ್ಲಿ, ನಾವಿಕರದು ಮುಂಬಯಿಯಲ್ಲಿ. ನೇರವಾಗಿ ಬರೆಯಬಹುದಾದರೂ, ಜಿಲ್ಲೆಯ ವ್ಯಾಪ್ತಿ ಹೊಂದಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಉಪನಿರ್ದೇಶಕರ ಕಚೇರಿಯ ಮೂಲಕ ಕಳುಹಿಸುವುದೇ ಮೇಲು. ಅಲ್ಲಿನ ಸಿಬ್ಬಂದಿಗೆ ಆಯಾ ರೆಜಿಮೆಂಟಿನ ನಮೂನೆಗಳು ತಿಳಿದಿರುತ್ತವೆ ಮತ್ತು ಅವರ ಮೇಲುರುಜುವಿಗೆ ಬೆಲೆಯಿದೆ. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ ಅಫಿಡವಿಟ್, ಆಧಾರ್ ಮತ್ತು ಪ್ಯಾನ್ ಪ್ರತಿಗಳು, ದಂಪತಿಗಳ ಜಂಟಿ ಭಾವಚಿತ್ರ, ಹೆಸರು ಪೂರ್ತಿ ಬದಲಾಗಿದ್ದಲ್ಲಿ ಪತ್ರಿಕಾ ಪ್ರಕಟಣೆ, ಇವುಗಳನ್ನು ಕೇಳುತ್ತಾರೆ. ರೆಕಾರ್ಡ್ಸ್ ಕಚೇರಿಯು ಪಾರ್ಟ್ ಟೂ ಆರ್ಡರ್ ಪ್ರಕಟಿಸಿ ಪ್ರಯಾಗರಾಜ್‌ಗೆ ಕಳುಹಿಸಿದ ಮೇಲೆ ತಿದ್ದುಪಡಿ ಪಿಪಿಒ ಹೊರಡುತ್ತದೆ. ಪಾರ್ಟ್ ಟೂ ಆರ್ಡರ್ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಕುಟುಂಬದವರು ಸುಮ್ಮನಾಗುವುದುಂಟು. ಪಿಪಿಒ ಬದಲಾಗಿದೆಯೇ ಎಂಬುದನ್ನು ನೋಡಲೇಬೇಕು.

ಇಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ ಬರುತ್ತದೆ. ಕೆಲವು ನಮೂನೆಗಳಲ್ಲಿ ‘ಸರಪಂಚ್’ ಅವರ ದೃಢೀಕರಣ ಎಂದಿರುತ್ತದೆ. ನಮ್ಮಲ್ಲಿ ಆ ಸ್ಥಾನ ಅಧ್ಯಕ್ಷರದು. ಪದನಾಮವನ್ನು ಸ್ಪಷ್ಟವಾಗಿ ಬರೆದು, ಮೊಹರು, ಪತ್ರ ಸಂಖ್ಯೆ ಮತ್ತು ದಿನಾಂಕ ಹಾಕಿ, ಕಚೇರಿ ಪ್ರತಿಯನ್ನು ಕಡತದಲ್ಲಿಡಬೇಕು. ಇಂಥವರು ಈ ಗ್ರಾಮದ ನಿವಾಸಿಗಳು, ಇಂಥ ಮನೆ ಸಂಖ್ಯೆಯಲ್ಲಿ ವಾಸವಿದ್ದಾರೆ, ಪತಿಪತ್ನಿಯರಾಗಿ ಗ್ರಾಮದಲ್ಲಿ ಪರಿಚಿತರು, ಈ ಎರಡು ಹೆಸರುಗಳೂ ಒಬ್ಬರದೇ ಎಂಬಷ್ಟನ್ನು ವಿಚಾರಿಸಿ ತಿಳಿದ ಮೇಲೆ ಬರೆಯಬಹುದು. ಪಂಚಾಯಿತಿಯ ವಹಿಯನ್ನು ಆಧರಿಸಿದ್ದರೆ ಯಾವ ವಹಿ, ಯಾವ ಪುಟ ಎಂದು ನಮೂದಿಸಬೇಕು. ಜನ್ಮದಿನಾಂಕವನ್ನಾಗಲಿ, ಕಾಣದ ಮದುವೆಯ ದಿನಾಂಕವನ್ನಾಗಲಿ ದೃಢೀಕರಿಸುವ ಅಧಿಕಾರ ಪಂಚಾಯಿತಿಗಿಲ್ಲ. ವೃದ್ಧೆಯೊಬ್ಬರು ಎದುರು ಕುಳಿತು ಕೇಳಿದಾಗ ಇಲ್ಲವೆನ್ನುವುದು ಕಷ್ಟವೇ ಸರಿ. ಆದರೆ ಕನಿಕರದಿಂದ ಬರೆದುಕೊಟ್ಟ ದಿನಾಂಕವು ಮತದಾರರ ಚೀಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವ ಕಡೆ ಮೂರನೆಯದಾಗಿ ಸೇರಿ, ಸರಿಯಾಗಬಹುದಾಗಿದ್ದ ಪ್ರಕರಣವನ್ನೇ ಸಂಶಯಕ್ಕೆ ದೂಡುತ್ತದೆ.

ಪಿಂಚಣಿಯಿಲ್ಲದೆ ಅಲ್ಪಾವಧಿ ಸೇವೆಯ ನಂತರ ಮರಳಿದವರ ಸ್ಥಿತಿ ಇನ್ನೂ ಸೂಕ್ಷ್ಮ. ಅವರ ಸೇವಾ ದಾಖಲೆಗಳನ್ನು 25 ವರ್ಷಗಳ ನಂತರ ನಾಶಪಡಿಸಲು ಸೇನೆಯ ನಿಯಮಗಳಲ್ಲಿಯೇ ಅವಕಾಶವಿದೆ. 1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದಾಗ, ಮನೆಯಲ್ಲಿ ಬಿಡುಗಡೆ ಪತ್ರ ಉಳಿಸಿಕೊಂಡಿದ್ದವರಿಗೆ ಅದೇ ಆಸರೆಯಾಯಿತು. ನಮ್ಮಲ್ಲಿ ಬೆಂಕಿಯೇ ಬೇಕಿಲ್ಲ. ಅವಧಿ ಮುಗಿದರೆ ಸಾಕು. ಅಂಥವರ ಡಿಸ್ಚಾರ್ಜ್ ಪುಸ್ತಕವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಕುಟುಂಬಕ್ಕೆ ಒಂದು ಪ್ರತಿ ಕೊಡಲು ಪಂಚಾಯಿತಿ ಕಚೇರಿಯಲ್ಲಿರುವ ಯಂತ್ರವೇ ಸಾಕು, ಖರ್ಚೂ ಇಲ್ಲ. ಪುಸ್ತಕ ಕಳೆದುಹೋಗಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಬದಲಿ ಪ್ರಮಾಣಪತ್ರಕ್ಕಾಗಿ ರೆಕಾರ್ಡ್ಸ್ ಕಚೇರಿಗೆ ತಡಮಾಡದೆ ಬರೆಯಬೇಕು.

ಅರ್ಜಿಗೆ ಉತ್ತರ ಬಾರದಿದ್ದಲ್ಲಿ 2005ರ ಮಾಹಿತಿ ಹಕ್ಕು ಕಾಯಿದೆಯಡಿ ತಮ್ಮ ದಾಖಲೆಯ ಪ್ರತಿಯನ್ನೂ ಅರ್ಜಿಯ ಸ್ಥಿತಿಯನ್ನೂ ಕೇಳಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಲಿಖಿತವಾಗಿ ನಿರಾಕರಿಸಿದರೆ 2007ರ ಕಾಯಿದೆಯಡಿ ರಚಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕವು ಅದರ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ಹೆಚ್ಚಿನ ಪ್ರಕರಣಗಳಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಸೈನಿಕರು ಬದುಕಿರುವಾಗಲೇ ಅರ್ಜಿ ಹೋಗಿದ್ದರೆ.

ಅನೇಕ ಪಿಂಚಣಿದಾರರು ಪ್ರತಿವರ್ಷ ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣ ಸಲ್ಲಿಸಲು ಸಾಮಾನ್ಯ ಸೇವಾ ಕೇಂದ್ರಗಳಿಗೆ ಬರುತ್ತಾರೆ. ಅರೇಬಿಕಾ ಕೊಯ್ಲು ಆರಂಭವಾಗುವ ಕಾಲವಾದ್ದರಿಂದ ಯಾರಿಗೂ ಬಿಡುವಿರುವುದಿಲ್ಲ. ಆದರೂ ಆ ದಿನ ಪಿಪಿಒ ಜೊತೆಯಲ್ಲಿ ತರುವಂತೆ ವಾರ್ಡಿನ ಸದಸ್ಯರು ಮೊದಲೇ ತಿಳಿಸಿದ್ದರೆ, ಪತ್ನಿಯ ಹೆಸರು, ಅದರ ಇಂಗ್ಲಿಷ್ ಕಾಗುಣಿತ ಮತ್ತು ಜನ್ಮದಿನಾಂಕಗಳನ್ನು ಆಧಾರ್‌ನೊಂದಿಗೆ ಹೋಲಿಸಿ ನೋಡಲು ಹತ್ತು ನಿಮಿಷ ಸಾಕು. ವ್ಯತ್ಯಾಸ ಕಂಡವರ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಗೆ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ನೀಡಿದಲ್ಲಿ, ಅದನ್ನು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಒಟ್ಟಾಗಿ ಕಳುಹಿಸಬಹುದು.