ತಳದ ದೊಡ್ಡ ಮೀನಿಗೆ ಎಂಥ ಗಾಳದ ಕೋಲು?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕರಾವಳಿಯ ಕಡೆಯವರು ಅನೇಕರುಂಟು. ಭಾನುವಾರ ಬಂತೆಂದರೆ ಅವರ ಮನಸ್ಸು ಸಮುದ್ರದ ಕಡೆಗೆ ಓಡುತ್ತದೆ. ದಡದಲ್ಲಿ ಕುಳಿತು ಸಣ್ಣ ಮೀನು ಹಿಡಿದು ರೂಢಿಯಾದವರು ನಾಲ್ಕು ಜನ ಕೂಡಿ, ದೋಣಿಯನ್ನು ಬಾಡಿಗೆಗೆ ಹಿಡಿದು, ಆಳದ ನೀರಿಗೆ ಹೋಗಲು ಬಯಸುತ್ತಾರೆ. ಆಗ ಅವರು ಕೇಳುವ ಪ್ರಶ್ನೆ: ತಳದ ದೊಡ್ಡ ಮೀನಿಗೆ ಎಂಥ ಕೋಲು ಕೊಳ್ಳಬೇಕು? ಈ ವಿಷಯದಲ್ಲಿ ನಾವು ಪಂಡಿತರೇನಲ್ಲ. ಆದರೆ ಒಂದು ಒಳ್ಳೆಯ ಕೋಲನ್ನು ಮುರಿದುಕೊಂಡವರು.

ನಾವು ಮೊದಲು ಕೊಂಡದ್ದು 12 ಅಡಿಯ ಕೋಲು. "ಕೋಲು ಉದ್ದವಾದಷ್ಟೂ ಮೀನು ದೊಡ್ಡದು" ಎಂದು ಅಂಗಡಿಯವರು ಹೇಳಿದರು, ನಾವು ನಂಬಿದೆವು. ಹಬ್ಬದ ಬೋನಸ್ಸಿನಲ್ಲಿ ಮಕ್ಕಳ ಬಟ್ಟೆಗೆಂದು ತೆಗೆದಿರಿಸಿದ್ದ ಹಣವೂ ಅದಕ್ಕೇ ಹೋಯಿತು. ಮೊದಲ ಸಲ ದೋಣಿಯಲ್ಲಿ ಹೋದಾಗಲೇ ಮೀನೊಂದು ಗಾಳ ಕಚ್ಚಿ ತಳದ ಬಂಡೆಯೊಳಕ್ಕೆ ನುಗ್ಗಿತು. ನಾವು ಕೋಲನ್ನು ನೆಟ್ಟಗೆ ಆಕಾಶಕ್ಕೆತ್ತಿ ಎಳೆದೆವು. ತುದಿಯ ಭಾಗ ಪಟ್ಟನೆ ಮುರಿಯಿತು, ಮೀನೂ ಹೋಯಿತು. ಮನೆಯಲ್ಲಿ ಏನು ಹೇಳಿಸಿಕೊಂಡೆವೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಕೋಲಿಗೆ ಮುಂಚೆ ಮೀನಿನ ಸ್ವಭಾವವನ್ನು ತಿಳಿಯಬೇಕು. ನಮ್ಮವರು ಮುರು ಎನ್ನುವ, ಕಾರವಾರದ ಕಡೆ ಗೊಬ್ರೊ ಎನ್ನುವ, ಮುಂಬಯಿಯ ಮಾರುಕಟ್ಟೆಯಲ್ಲಿ ಹೇಕ್ರು ಎಂದು ಕರೆಯುವ ಮೀನು ಬಂಡೆಯ ಸಂದಿನಲ್ಲಿ ಕಾದಿರುತ್ತದೆ. ಎರೆಯನ್ನು ನುಂಗಿದೊಡನೆ ತಿರುಗಿ ತನ್ನ ಬಿಲಕ್ಕೇ ಓಡುತ್ತದೆ. ಅಲ್ಲಿ ಕಿವಿರುಗಳನ್ನು ಅಗಲಿಸಿ ಗೂಟದಂತೆ ಸಿಕ್ಕಿಕೊಳ್ಳುತ್ತದೆ. ಮೇಲ್ನೀರಿನ ಮೀನು ಬಹುದೂರ ಓಡಿ ದಣಿಯುತ್ತದೆ. ಇದಕ್ಕೆ ಓಡುವ ಕೆಲಸವೇ ಇಲ್ಲ. ಮೊದಲ ಎರಡು ಮಾರು ಅದನ್ನು ಮೇಲಕ್ಕೆತ್ತಿದರೆ ಗೆದ್ದಂತೆ, ಇಲ್ಲವಾದರೆ ಇಲ್ಲ. ಆದುದರಿಂದ ದೂರ ಎಸೆಯುವ ಕೋಲಿಗಿಂತ ನೇರವಾಗಿ ಎತ್ತುವ ಕೋಲು ಇಲ್ಲಿ ಬೇಕು.

ಎತ್ತುವುದಕ್ಕೆ ಗಿಡ್ಡ ಕೋಲೇ ಏಕೆ? ಊರಿನಲ್ಲಿ ಏತವನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಕೋಲೂ ಒಂದು ಸನ್ನೆಯೇ. ಬುಡ ಸೊಂಟದ ಬಳಿ ಇದೆ, ಮುಂಗೈ ಅಲ್ಲಿಂದ 2 ಅಡಿ ಮುಂದೆ ಹಿಡಿದಿದೆ ಎನ್ನೋಣ. 6 ಅಡಿಯ ಕೋಲಿನಲ್ಲಿ ಕೈಯಿಂದ ತುದಿಗೆ 4 ಅಡಿ. ಮೀನು 5 ಕಿಲೋ ಭಾರದಷ್ಟು ಜಗ್ಗಿದರೆ ಬುಡವನ್ನು ಕೆಳಗೆ ಒತ್ತಿ ಹಿಡಿಯಲು 10 ಕಿಲೋ ಬಲ ಬೇಕು. ಮುಂಗೈ ಹೊರುವುದು ಒಟ್ಟು 15 ಕಿಲೋ. 12 ಅಡಿಯ ಕೋಲಿನಲ್ಲಿ ಕೈಯಿಂದ ತುದಿಗೆ 10 ಅಡಿ. ಅದೇ 5 ಕಿಲೋ ಜಗ್ಗಿಗೆ ಬುಡದಲ್ಲಿ 25, ಮುಂಗೈಗೆ 30. ಕೋಲು ಬಾಗುವುದರಿಂದ ಈ ಲೆಕ್ಕ ಸ್ವಲ್ಪ ಕಡಿಮೆಯಾಗುತ್ತದೆ. ಆದರೂ ಉದ್ದದ ಕೋಲಿನಲ್ಲಿ ಅನುಕೂಲವೆಲ್ಲ ಮೀನಿನದು, ಶ್ರಮವೆಲ್ಲ ನಮ್ಮದು. ದೋಣಿಗೆ ಆರರಿಂದ ಏಳು ಅಡಿ ಸಾಕು. ದಡದಿಂದ ಅಲೆಗಳಾಚೆಗೆ ಎಸೆಯಬೇಕಾದವರಿಗೆ ಮಾತ್ರ ಹತ್ತು-ಹನ್ನೆರಡು ಅಡಿ ಬೇಕಾಗುತ್ತದೆ. ಒಂದೇ ಕೋಲಿನಲ್ಲಿ ಎರಡೂ ಕೆಲಸ ಮಾಡುತ್ತೇವೆಂದರೆ ಎರಡೂ ಕೆಡುತ್ತವೆ.

ಕೋಲಿನ ಮೇಲೆ 30–50 ಪೌಂಡು ಎಂದು ಬರೆದಿರುತ್ತದೆ. ಇದು ಮೀನಿನ ತೂಕವಲ್ಲ, ಕೋಲು ಎತ್ತುವ ಭಾರವೂ ಅಲ್ಲ. ಅದಕ್ಕೆ ಹೊಂದುವ ದಾರದ ಬಲ. ಬಂಡೆಯ ಮೀನಿಗೆ ಈ ತರಗತಿ ಸಾಮಾನ್ಯವಾಗಿ ಸಾಕು. 40 ಪೌಂಡಿನ, ಅಂದರೆ ಸುಮಾರು 18 ಕಿಲೋ ಬಲದ ದಾರ ಹಾಕಿದರೆ, ಅದರ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗದ ಜಗ್ಗಿಗೆ ರೀಲು ದಾರ ಬಿಡುವಂತೆ ಬಿಗಿಮಾಡಬೇಕು. ನೀರಿನಲ್ಲಿರುವ ಮೀನಿಗೆ ತೂಕ ಅತ್ಯಲ್ಪ; ನೀರಿನಿಂದ ಮೇಲೆ ಬಂದೊಡನೆ ಪೂರ್ಣ ತೂಕ. ಆದುದರಿಂದ ದೋಣಿಯೊಳಕ್ಕೆ ಎತ್ತುವಾಗ ಕೊಕ್ಕೆಯನ್ನೋ ಬಲೆಯನ್ನೋ ಉಪಯೋಗಿಸಬೇಕು, ಕೋಲನ್ನಲ್ಲ. ಕೋಲನ್ನು ನೆಟ್ಟಗೆ ನಿಲ್ಲಿಸಿ ಎಳೆದರೆ ಭಾರವೆಲ್ಲ ತೆಳುವಾದ ತುದಿಯ ಮೇಲೆ ಬೀಳುತ್ತದೆ. ನಮ್ಮ ಕೋಲು ಮುರಿದದ್ದು ಹೀಗೆಯೇ. ಗಾಳ ಬಂಡೆಗೆ ಸಿಕ್ಕಿಕೊಂಡರೂ ಅಷ್ಟೆ: ಕೋಲನ್ನು ದಾರದ ನೇರಕ್ಕೆ ತಂದು, ದಾರವನ್ನು ಮರದ ತುಂಡಿಗೆ ಸುತ್ತಿ ಎಳೆಯಿರಿ. ಬರಿಗೈಗೆ ಸುತ್ತಿಕೊಳ್ಳಬಾರದು, ಹೆಣೆದ ದಾರ ಬೆರಳನ್ನು ಕೊಯ್ಯುತ್ತದೆ.

ಇನ್ನು ಯಾವುದರಿಂದ ಮಾಡಿದ ಕೋಲು? ಹಿಂದೆ ಬಿದಿರು, ಎರಡನೆಯ ಮಹಾಯುದ್ಧದ ನಂತರ ಗಾಜಿನ ನೂಲಿನ ಕೋಲು, ಅಂದರೆ ಫೈಬರ್ ಗ್ಲಾಸ್, 1970ರ ದಶಕದಿಂದ ಕಾರ್ಬನ್. ಕಾರ್ಬನ್ ಹಗುರ, ಮೀನು ಮೂಸಿದರೂ ಕೈಗೆ ತಿಳಿಯುತ್ತದೆ. ಆದರೆ ದೋಣಿಯ ಅಂಚಿಗೋ ಸೀಸದ ಗುಂಡಿಗೋ ಬಡಿದು ಸಣ್ಣ ಗಾಯವಾದರೆ ಹೊರಗೆ ಕಾಣದು. ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಫೈಬರ್ ಗ್ಲಾಸ್ ಭಾರ, ಮಂದ. ಆದರೆ ಪೆಟ್ಟು ತಾಳುತ್ತದೆ, ಬೆಲೆಯೂ ಕಡಿಮೆ. ತಿಂಗಳ ಸಂಬಳದಲ್ಲಿ ಬದುಕುವವರಿಗೆ ನಮ್ಮ ಮತ ಫೈಬರ್ ಗ್ಲಾಸಿಗೇ. ಇನ್ನೊಂದು ಕಾರಣವೂ ಉಂಟು. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಮುಂಬಯಿಯ ಲೋಕಲ್ ಗಾಡಿಯ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ. ಯಾವ ಕೋಲೇ ಆಗಲಿ, ಜೋಡಿಸಿಕೊಂಡು ಎತ್ತಿ ಹಿಡಿದು ಪ್ಲಾಟ್‌ಫಾರಂ ಮೇಲೆ ನಡೆಯುವುದು ಪ್ರಾಣಕ್ಕೆ ಅಪಾಯ. ಬಿಚ್ಚಿ, ಚೀಲದಲ್ಲಿ ಕಟ್ಟಿ, ಅಡ್ಡವಾಗಿ ಒಯ್ಯಬೇಕು. ಗುಡುಗು ಕೇಳಿದರೆ ದೋಣಿಯಲ್ಲಿಯೂ ಕೋಲನ್ನು ಕೆಳಗಿಡಿ.

ಅಂಗಡಿಯಲ್ಲಿ ಕೋಲನ್ನು ಬರಿದೇ ಗಾಳಿಯಲ್ಲಿ ಬೀಸಿ ನೋಡುವುದು ಪ್ರಯೋಜನವಿಲ್ಲ. ರೀಲು ಕೂಡಿಸಿ, ದಾರವನ್ನು ಉಂಗುರಗಳಲ್ಲಿ ಪೋಣಿಸಿ, ಇನ್ನೊಬ್ಬರ ಕೈಗೆ ತುದಿ ಕೊಟ್ಟು ನಿಧಾನವಾಗಿ ಎಳೆಸಿ. ತುದಿಯ ಮೂರನೆಯ ಒಂದು ಭಾಗ ಸುಲಭವಾಗಿ ಬಾಗಿ, ಕೆಳಗಿನ ಅರ್ಧ ಗಟ್ಟಿಯಾಗಿ ನಿಂತರೆ ಅದು ನಮ್ಮ ಕೋಲು. ಬಾಗಿದಾಗ ದಾರ ಕೋಲಿಗೆ ತಾಗಕೂಡದು. ತಾಗಿದರೆ ಉಂಗುರಗಳು ಕಡಿಮೆಯೆಂದು ತಿಳಿಯಿರಿ. ಪ್ರತಿ ಉಂಗುರದೊಳಗೂ ಒಂದು ಚೂರು ಹತ್ತಿಯನ್ನು ಆಡಿಸಿ. ಬಿರುಕಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ; ಅಂಥ ಉಂಗುರ ಹೊಸ ದಾರವನ್ನು ಒಂದೇ ದಿನದಲ್ಲಿ ಕೆಡಿಸೀತು. ರೀಲು ಕೂರುವ ಜಾಗದ ತಿರುಪು ಲೋಹದ್ದಿರಲಿ. ಪ್ಲಾಸ್ಟಿಕ್ಕಿನದು ದೊಡ್ಡ ಮೀನಿಗೆ ಸಡಿಲವಾಗುತ್ತದೆ. ಹಳೆಯ ಕೋಲನ್ನು ಅರ್ಧ ಬೆಲೆಗೆ ಕೊಳ್ಳುವವರಿಗೆ ಈ ಪರೀಕ್ಷೆಗಳು ಇನ್ನೂ ಮುಖ್ಯ.

ಮೊಗವೀರರೂ ಮುಂಬಯಿಯ ಕೋಳಿ ಸಮಾಜದ ಬೆಸ್ತರೂ ತಲೆತಲಾಂತರದಿಂದ ಕೋಲೇ ಇಲ್ಲದೆ, ಕೈದಾರದಿಂದಲೇ ಇಂಥ ಮೀನುಗಳನ್ನು ಎತ್ತಿದ್ದಾರೆ. ಕೈಯಲ್ಲಿ ಹಣವಿಲ್ಲದಿದ್ದರೆ ಸಾಲ ಮಾಡಬೇಡಿ; ದಪ್ಪ ತಂಗೂಸಿ, ಸೀಸದ ಗುಂಡು, ಬಟ್ಟೆಯ ಕೈಚೀಲ, ಎರೆಗೆ ಒಂದು ಬಂಗುಡೆ, ಇಷ್ಟರಲ್ಲಿಯೇ ಆರಂಭಿಸಬಹುದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ಮಳೆಯಲ್ಲಿ ಬಂಡೆಗಳ ಮೇಲೆ ನಿಲ್ಲುವ ಸಾಹಸವೂ ಬೇಡ. ಕೋಲನ್ನು ಸಿಹಿನೀರಿನಲ್ಲಿ ತೊಳೆದು, ಒರಸಿ, ಉಂಗುರಗಳ ಸುತ್ತಿನ ದಾರ ಬಿಚ್ಚಿಕೊಂಡಿದ್ದರೆ ಹೊಸದಾಗಿ ಸುತ್ತಿ ವಾರ್ನಿಷ್ ಹಚ್ಚಲು ಅದೇ ಸರಿಯಾದ ಕಾಲ. ನಮ್ಮ ಮುರಿದ ಕೋಲಿನ ಉಂಗುರಗಳನ್ನು ಬಿಚ್ಚಿ ಇಟ್ಟಿದ್ದೇವೆ. ಬೇಕಾದವರು ಭಾನುವಾರ ವಾಚನಾಲಯಕ್ಕೆ ಬಂದು ಒಯ್ಯಬಹುದು.