ಕಮ್ಮಟ, ಗುಂಪು ಚಟುವಟಿಕೆ ಮತ್ತು ದಾಖಲೆ: ಹಂಪಿ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡ ವಿಭಾಗಗಳ ವಿದ್ವತ್ ಚಟುವಟಿಕೆಗಳಲ್ಲಿ ವಿಚಾರ ಸಂಕಿರಣ ಹಾಗೂ ಉಪನ್ಯಾಸ ಮಾಲೆಗಳ ಜೊತೆಗೆ ಕಮ್ಮಟವೂ ಒಂದು ಮುಖ್ಯ ಪ್ರಕಾರವಾಗಿ ನೆಲೆಗೊಂಡಿದೆ. ಸಂಕಿರಣದಲ್ಲಿ ಪ್ರಬಂಧಕಾರರು ಮಾತನಾಡುತ್ತಾರೆ, ಉಳಿದವರು ಕೇಳುತ್ತಾರೆ. ಸಮಯ ಉಳಿದರೆ ಸಂವಾದ ನಡೆಯುತ್ತದೆ. ಕಮ್ಮಟದಲ್ಲಿ ಎಲ್ಲರೂ ಕೆಲಸ ಮಾಡಬೇಕೆಂಬುದು ನಿರೀಕ್ಷೆ. ‘ಕಮ್ಮಟ’ ಎಂಬ ಪದದ ಹಳೆಯ ಅರ್ಥ ಟಂಕಸಾಲೆ, ಅಂದರೆ ಲೋಹಕ್ಕೆ ಮುದ್ರೆಯೊತ್ತಿ ನಾಣ್ಯ ಮಾಡುವ ಸ್ಥಳ. ಇಂದಿನ ಕಮ್ಮಟಗಳನ್ನು ಕುರಿತು ಯೋಚಿಸುವಾಗ ಈ ಹಳೆಯ ಅರ್ಥ ಉಪಯುಕ್ತವಾದುದು. ಲೋಹ ಎಲ್ಲರಿಂದಲೂ ಬರಬಹುದು. ಆದರೆ ಮುದ್ರೆ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಗುಂಪು ಚಟುವಟಿಕೆಗಳ ಯಶಸ್ಸನ್ನು ಎಷ್ಟು ಜನ ಮಾತನಾಡಿದರು ಎಂಬುದರಿಂದ ಅಳೆಯುವುದು ವಾಡಿಕೆ. ಆಡಿದ ಮಾತು ಬರಹವಾಗುವ ಹಂತದಲ್ಲಿ ಯಾರ ಕೈಯಲ್ಲಿ ಏನಾಗುತ್ತದೆ ಎಂಬುದರಿಂದ ಅದನ್ನು ಅಳೆಯಬೇಕೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಹಂಪಿ, ಸಂಡೂರು, ಕಂಪ್ಲಿ ಪರಿಸರದ ನಿದರ್ಶನಗಳನ್ನು ಇದಕ್ಕೆ ಆಧಾರವಾಗಿ ಬಳಸಿಕೊಳ್ಳಲಾಗಿದೆ.

ಪರಿಕಲ್ಪನೆಯ ಹಿನ್ನೆಲೆ

ಸಹಭಾಗಿತ್ವದ ವಿಧಾನಗಳಿಗೆ ಹಲವು ಮೂಲಗಳಿವೆ. ಬ್ರೆಜಿಲ್‌ನ ಪೌಲೊ ಫ್ರೇರೆಯ ಶಿಕ್ಷಣ ಚಿಂತನೆ ಹಾಗೂ ಅದೇ ದೇಶದ ಅಗಸ್ಟೊ ಬೋಲ್‌ನ ರಂಗಭೂಮಿಯ ಪ್ರಯೋಗಗಳು 1970ರ ದಶಕದಲ್ಲಿ ಜಗತ್ತಿನ ಗಮನ ಸೆಳೆದವು. 1980ರ ದಶಕದ ಕೊನೆಯಿಂದ ರಾಬರ್ಟ್ ಚೇಂಬರ್ಸ್ ಮೊದಲಾದವರ ಬರಹಗಳ ಮೂಲಕ ‘ಸಹಭಾಗಿ ಗ್ರಾಮೀಣ ವಿಶ್ಲೇಷಣೆ’ ಎಂಬ ವಿಧಾನ ಪ್ರಚಾರಕ್ಕೆ ಬಂದಿತು. ಭಾರತದಲ್ಲಿ ಈ ವಿಧಾನ ರೂಪುಗೊಳ್ಳುವಲ್ಲಿ ಕರ್ನಾಟಕದ ಮೈರಾಡ ಸಂಸ್ಥೆಯ ಪಾಲು ಗಣನೀಯವಾದುದು. 1989ರಲ್ಲಿ ಕರ್ನಾಟಕ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಹಾಡು, ಆಟ ಮತ್ತು ವೃತ್ತಾಕಾರದ ಕೂಟಗಳನ್ನು ಮಹಿಳಾ ಸಂಘಗಳ ಕಲಿಕೆಯ ಭಾಗವಾಗಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲುಗೊಂಡ ನಲಿ-ಕಲಿ ಪ್ರಯೋಗ ಚಟುವಟಿಕೆಯನ್ನು ಶಾಲೆಯ ಒಳಗೆ ತಂದಿತು.

ಈ ವಿಧಾನಗಳ ಬಗೆಗೆ ವಿಮರ್ಶೆಯೂ ಬೆಳೆಯಿತು. ಪಶ್ಚಿಮ ಭಾರತದ ಭಿಲ್ ಹಳ್ಳಿಗಳಲ್ಲಿ ನಡೆದ ಯೋಜನೆಯೊಂದನ್ನು ಅಧ್ಯಯನ ಮಾಡಿದ ಡೇವಿಡ್ ಮಾಸ್, ಇಂತಹ ಕೂಟಗಳು ಸಾರ್ವಜನಿಕ ಸಮಾರಂಭಗಳ ಗುಣವನ್ನು ಪಡೆಯುತ್ತವೆ ಎಂದು ತೋರಿಸಿದರು. ಅಲ್ಲಿ ಊರಿನ ಪ್ರಬಲರ ಅಭಿಪ್ರಾಯವೇ ಊರಿನ ಅಭಿಪ್ರಾಯವಾಗಿ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳ ಮಾತು ಬದಿಗೆ ಸರಿಯುತ್ತದೆ. 2001ರಲ್ಲಿ ಬಿಲ್ ಕುಕ್ ಮತ್ತು ಉಮಾ ಕೊಠಾರಿ ಸಂಪಾದಿಸಿದ ಲೇಖನ ಸಂಗ್ರಹವು ಸಹಭಾಗಿತ್ವವೇ ಹೊಸ ದಬ್ಬಾಳಿಕೆಯಾಗಬಹುದೆ ಎಂಬ ಪ್ರಶ್ನೆಯನ್ನೆತ್ತಿತು. ವಿಧಾನವು ಸಮಾನತೆಯನ್ನು ತಾನಾಗಿಯೇ ತರಲಾರದು ಎಂಬುದು ಈ ವಿಮರ್ಶೆಯ ತಿರುಳು.

ಸಂವಾದದಿಂದ ಪಠ್ಯಕ್ಕೆ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಹೊಸದಲ್ಲ. ಅನುಭವ ಮಂಟಪವನ್ನು ಸಾಮೂಹಿಕ ಚರ್ಚೆಯ ಆದರ್ಶವಾಗಿ ಉಲ್ಲೇಖಿಸುವುದು ರೂಢಿಯಲ್ಲಿದೆ. ಆದರೆ ಆ ಚರ್ಚೆಯ ವಿಸ್ತಾರವಾದ ಚಿತ್ರ ದೊರೆಯುವುದು ಹನ್ನೆರಡನೆಯ ಶತಮಾನದ ಶರಣರ ನಂತರ, ವಿಜಯನಗರದ ಕಾಲದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ. ಬಿಡಿ ವಚನಗಳನ್ನು ಪ್ರಶ್ನೆ ಮತ್ತು ಉತ್ತರಗಳಾಗಿ ಜೋಡಿಸಿ ಸಂವಾದವನ್ನು ಕಟ್ಟಿದವರು ಸಂಕಲನಕಾರರು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣೊಡೆಯನವರೆಗಿನ ನಾಲ್ಕು ಪರಿಷ್ಕರಣಗಳ ನಡುವೆ ಸಿದ್ಧರಾಮನ ದೀಕ್ಷೆಯ ಪ್ರಸಂಗದಂತಹ ಮುಖ್ಯ ವಿಷಯಗಳಲ್ಲಿಯೇ ವ್ಯತ್ಯಾಸಗಳಿವೆ. ಮಾತನಾಡಿದವರು ಅವರೇ, ಜೋಡಣೆ ಬದಲಾದಂತೆ ಸಭೆಯ ತೀರ್ಮಾನವೂ ಬದಲಾಗುತ್ತದೆ. ದಾಖಲಿಸುವ ಕ್ರಿಯೆ ತಟಸ್ಥವಾದುದಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಕನ್ನಡದಲ್ಲಿ ದೊರೆಯುವುದು ಕಷ್ಟ.

ಮೌಖಿಕ ಪರಂಪರೆಯಲ್ಲಿಯೂ ಇದೇ ಪ್ರಶ್ನೆ ಎದುರಾಗುತ್ತದೆ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಬುರ್ರಕಥೆಯ ಹೆಸರಾಂತ ಕಲಾವಿದೆ. ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವಕ್ಕೆ ಪಾತ್ರರಾಗಿದ್ದ ಅವರು 2014ರಲ್ಲಿ ನಿಧನರಾದರು. ಬುರ್ರಕಥೆಯಲ್ಲಿ ಕಥೆ ಹೇಳುವವರೊಬ್ಬರಿದ್ದರೂ ಅದು ಒಬ್ಬರ ಕಲೆಯಲ್ಲ. ಪಕ್ಕವಾದ್ಯದವರು ಸೊಲ್ಲು ಹಿಡಿಯುತ್ತಾರೆ, ಹೂಂಗುಟ್ಟುತ್ತಾರೆ, ನಡುವೆ ಪ್ರಶ್ನೆ ಕೇಳಿ ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ಕೇಳುಗರನ್ನು ನೋಡಿಕೊಂಡು ಕಥೆ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಇಂತಹ ಪ್ರದರ್ಶನ ಮುದ್ರಿತ ಪಠ್ಯವಾದಾಗ ಹೂಂಗುಟ್ಟಿದ ದನಿಗಳು ಮೊದಲು ಕಳೆದುಹೋಗುತ್ತವೆ. ಕಮ್ಮಟದ ವರದಿಯಲ್ಲಿ ಆಗುವುದೂ ಇದೇ.

ಚಟುವಟಿಕೆಗಳ ಸ್ವರೂಪ ಮತ್ತು ಮಿತಿ

ಕಮ್ಮಟಗಳಲ್ಲಿ ಬಳಕೆಯಲ್ಲಿರುವ ಚಟುವಟಿಕೆಗಳನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬಹುದು.

ಮೊದಲನೆಯದು ಪರಿಚಯ. ವೃತ್ತಾಕಾರವಾಗಿ ಕುಳಿತು ಪ್ರತಿಯೊಬ್ಬರೂ ಹೆಸರು ಹೇಳುವ ಕ್ರಮ ಸರಳವೆಂದು ತೋರುತ್ತದೆ. ಆದರೆ ಹೆಸರು, ಅಡ್ಡಹೆಸರು, ಊರುಗಳು ಸೇರಿದಾಗ ಜಾತಿ ತಿಳಿದುಬಿಡುವ ಸಮಾಜದಲ್ಲಿ ಪರಿಚಯವೇ ಶ್ರೇಣಿಯನ್ನು ಸಭೆಯೊಳಗೆ ತರಬಲ್ಲದು. ಇಬ್ಬಿಬ್ಬರು ಜೊತೆಯಾಗಿ ತಮಗೆ ಗೊತ್ತಿರುವ ಒಂದು ಕೆಲಸವನ್ನು ಕುರಿತು ಮಾತನಾಡಿ, ಒಬ್ಬರು ಇನ್ನೊಬ್ಬರನ್ನು ಸಭೆಗೆ ಪರಿಚಯಿಸುವ ಕ್ರಮ ಇದಕ್ಕಿಂತ ಮೇಲು. ಅಲ್ಲಿ ಅಧ್ಯಾಪಕರೂ ನಾಟಿ ಮಾಡುವವರೂ ಬಲ್ಲವರಾಗಿಯೇ ಸಭೆಗೆ ಬರುತ್ತಾರೆ.

ಎರಡನೆಯದು ನೆಲದ ಮೇಲೆ ನಕ್ಷೆ ಬರೆಯುವುದು. ರಂಗೋಲಿ ಪುಡಿ, ಕಲ್ಲು, ಎಲೆಗಳಿಂದ ಊರನ್ನು ಚಿತ್ರಿಸುವ ಈ ಚಟುವಟಿಕೆಯಲ್ಲಿ ಅಕ್ಷರ ಬಾರದವರೂ ಭಾಗವಹಿಸಬಲ್ಲರು. ಗೆರೆ ಎಳೆಯುವ ಕೋಲನ್ನು ಸ್ಥಳೀಯರ ಕೈಗೆ ಕೊಡಬೇಕೆಂಬುದು ಚೇಂಬರ್ಸ್ ಒತ್ತಿಹೇಳುವ ತತ್ವ. ಹಂಪಿಯಲ್ಲಿ ನಕ್ಷೆ ಕೇವಲ ತರಬೇತಿಯ ಸಾಧನವಲ್ಲ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪ್ರದೇಶಕ್ಕೆ 2002ರ ಕಾಯಿದೆಯ ಮೂಲಕ ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. 2011ರ ಜುಲೈ ತಿಂಗಳಿನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಸ್ಮಾರಕಗಳ ನಕ್ಷೆಯಲ್ಲಿ ಸಾಲುಮಂಟಪವಾಗಿದ್ದುದು ಅಲ್ಲಿನ ನಿವಾಸಿಗಳ ನಕ್ಷೆಯಲ್ಲಿ ಮನೆಯೂ ಅಂಗಡಿಯೂ ಆಗಿತ್ತು. ಎರಡೂ ನಕ್ಷೆಗಳು ನಿಜ. ಕಡತ ಸೇರಿದ ನಕ್ಷೆಗೆ ಅಧಿಕಾರ ಬರುತ್ತದೆ. ಆದ್ದರಿಂದ ನೆಲದ ನಕ್ಷೆಯನ್ನು ಹಾಳೆಗೆ ಇಳಿಸುವವರು ಯಾರು, ಆ ಹಾಳೆ ಯಾರ ಬಳಿ ಉಳಿಯುತ್ತದೆ ಎಂಬುದು ಚಟುವಟಿಕೆಯ ಭಾಗವೇ ಆಗಬೇಕು.

ಮೂರನೆಯದು ವರ್ಷದ ಪಟ್ಟಿ ಮತ್ತು ಕಾಳುಗಳ ಎಣಿಕೆ. ಯಾವ ಕಾಲದಲ್ಲಿ ದುಡಿಮೆ, ಸಾಲ, ಕಾಯಿಲೆಗಳು ಹೆಚ್ಚು ಎಂಬುದನ್ನು ಜೋಳ ಅಥವಾ ಕಡಲೆಯ ಕಾಳುಗಳನ್ನಿಟ್ಟು ತೋರಿಸುವ ಕ್ರಮವಿದು. ಇಲ್ಲಿ ಜನವರಿ, ಫೆಬ್ರವರಿಗಳಿಗಿಂತ ಮೃಗಶಿರ, ಆರಿದ್ರ ಮೊದಲಾದ ಮಳೆಗಳ ಲೆಕ್ಕವೂ ಹಬ್ಬ ಹುಣ್ಣಿಮೆಗಳ ಲೆಕ್ಕವೂ ಹೆಚ್ಚು ಸಹಜ. ಕಂಪ್ಲಿಯ ನೀರಾವರಿ ಭೂಮಿಯ ಭತ್ತ, ಕಬ್ಬುಗಳ ವರ್ಷವೂ ಸಂಡೂರಿನ ಗಣಿ ಸೀಮೆಯ ವರ್ಷವೂ ಬೇರೆ ಬೇರೆ. ಸಿದ್ಧಮಾದರಿಯ ಒಂದೇ ಪಟ್ಟಿಯನ್ನು ಎರಡೂ ಕಡೆ ತುಂಬಿಸಿದರೆ ತಿಳಿವಳಿಕೆಗಿಂತ ನಮೂನೆಯೇ ಮುಖ್ಯವಾಗುತ್ತದೆ.

ನಾಲ್ಕನೆಯದು ಚೀಟಿ ಬರೆಯುವುದು. ಪ್ರತಿಯೊಬ್ಬರೂ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವ ಈ ಕ್ರಮ ವಿಶ್ವವಿದ್ಯಾಲಯಗಳಲ್ಲಿ ಜನಪ್ರಿಯ. ಸಂಕೋಚವುಳ್ಳವರಿಗೆ ಇದು ಸಹಾಯಕ. ಆದರೆ ಅಕ್ಷರಸ್ಥರಲ್ಲದವರನ್ನು ಇದು ಮೊದಲ ಹೆಜ್ಜೆಯಲ್ಲೇ ಹೊರಗಿಡುತ್ತದೆ. ಚೀಟಿಗಳನ್ನು ಗುಂಪು ಮಾಡಿ ಶೀರ್ಷಿಕೆ ಕೊಡುವ ಕೆಲಸವನ್ನು ಸುಗಮಕಾರರೇ ಮಾಡಿದರೆ ಮುದ್ರೆ ಮತ್ತೆ ಅವರದೇ ಆಗುತ್ತದೆ.

ದಾಖಲೆಯ ಹಂತ

ಗುಂಪಿನ ಮಾತು ವರದಿಯಾಗುವ ದಾರಿಯಲ್ಲಿ ಮೂರು ಬಗೆಯ ನಷ್ಟಗಳನ್ನು ಗುರುತಿಸಬಹುದು. ಮೊದಲನೆಯದು ಭಾಷೆಯ ನಷ್ಟ. ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಗೋರ್ ಬೋಲಿ. ಹೊಸಪೇಟೆ, ಕಂಪ್ಲಿಗಳಲ್ಲಿ ತೆಲುಗು ಮತ್ತು ಉರ್ದು ವ್ಯಾಪಕವಾಗಿವೆ. ಈರಮ್ಮನವರ ಬುಡ್ಗ ಜಂಗಮ ಸಮುದಾಯದ ಮನೆಮಾತೂ ತೆಲುಗೇ. ಇಂತಹವರ ಮಾತು ಮೊದಲು ಕನ್ನಡವಾಗಿ, ನಂತರ ಶಿಷ್ಟ ಕನ್ನಡವಾಗಿ, ಕೊನೆಗೆ ವರದಿಯ ಕನ್ನಡವಾಗಿ ಬದಲಾಗುತ್ತದೆ. ‘ನೀರು ಬಿಡೋ ದಿನ ನಮ್ಮ ಕಡೆಗೆ ಯಾರೂ ಬರಲ್ಲ’ ಎಂಬಂತಹ ಮಾತು ‘ನೀರು ಹಂಚಿಕೆಯಲ್ಲಿ ಸಮನ್ವಯದ ಕೊರತೆ’ ಎಂದು ವರದಿಯಾದರೆ ದೂರು ಯಾರದು, ಯಾರ ಮೇಲೆ ಎಂಬುದು ಅಳಿಸಿಹೋಗುತ್ತದೆ. ಎರಡನೆಯದು ಭಿನ್ನಮತದ ನಷ್ಟ. ‘ಗುಂಪಿನ ಅಭಿಪ್ರಾಯ’ ಎಂಬ ಏಕವಚನವು ಒಪ್ಪದವರನ್ನೂ ಒಪ್ಪಿದವರನ್ನಾಗಿಸುತ್ತದೆ. ಮೂರನೆಯದು ಮೌನದ ನಷ್ಟ. ಯಾವ ವಿಷಯ ಬಂದಾಗ ಯಾರು ಸುಮ್ಮನಾದರು ಎಂಬುದು ಯಾವ ವರದಿಯಲ್ಲೂ ಕಾಣುವುದು ವಿರಳ.

ಇದಕ್ಕೆ ಪರಿಹಾರವಾಗಿ ಕೆಲವು ಸರಳ ಕ್ರಮಗಳನ್ನು ಸೂಚಿಸಬಹುದು. ಬರೆದುಕೊಳ್ಳುವವರು ಗುಂಪಿನೊಳಗಿನವರೇ ಆಗಿ ಸರದಿಯಂತೆ ಬದಲಾಗಬೇಕು. ಮುಖ್ಯ ಮಾತುಗಳನ್ನು ಆಡಿದ ರೂಪದಲ್ಲಿಯೇ ಬರೆದುಕೊಂಡು ಸಾರಾಂಶವನ್ನು ಪ್ರತ್ಯೇಕವಾಗಿಡಬೇಕು. ಸಭೆ ಮುಗಿಯುವ ಮುನ್ನ ಬರಹವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ‘ಇದನ್ನು ನೀವು ಹೀಗೆಯೇ ಹೇಳಿದಿರಾ?’ ಎಂದು ಕೇಳಬೇಕು. ಅಗತ್ಯವಿದ್ದಲ್ಲಿ ಮನೆಮಾತಿನಲ್ಲಿ ತಿಳಿಸಬೇಕು. ಒಪ್ಪದವರ ಮಾತಿಗೆ ವರದಿಯಲ್ಲಿ ಸ್ಥಳವಿರಬೇಕು. ಒಂದು ಪ್ರತಿ ಊರಿನಲ್ಲಿ ಉಳಿಯಬೇಕು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದನ್ವಯ ನಡೆಯುವ ಗ್ರಾಮಸಭೆಯ ನಡಾವಳಿಗೂ ಈ ಮಾತು ಸಲ್ಲುತ್ತದೆ. ಓದಿ ಹೇಳದ ಬರಹದ ಕೆಳಗಿನ ಹೆಬ್ಬೆಟ್ಟು ಹಾಜರಾತಿಯನ್ನು ತೋರಿಸಬಲ್ಲದೇ ಹೊರತು ಒಪ್ಪಿಗೆಯನ್ನಲ್ಲ.

ಈ ಕ್ರಮಗಳಿಗೆ ಸಮಯ ಬೇಕು. ಒಂದು ದಿನದ ಕಮ್ಮಟದಲ್ಲಿ ಆರು ಚಟುವಟಿಕೆಗಳ ಬದಲು ಮೂರನ್ನಿಟ್ಟುಕೊಂಡು, ಉಳಿದ ಅವಧಿಯನ್ನು ಓದಿ ಹೇಳುವುದಕ್ಕೂ ತಿದ್ದುವುದಕ್ಕೂ ಮೀಸಲಿಡುವುದು ಹೆಚ್ಚು ಫಲಕಾರಿ.

ಸಮಾರೋಪ

ಕನ್ನಡ ಅಧ್ಯಾಪಕರು ಪಾಠಾಂತರಗಳನ್ನು ಗುರುತಿಸುವುದರಲ್ಲಿ, ಪ್ರಕ್ಷೇಪ ಯಾವುದು, ಮೂಲ ಯಾವುದು ಎಂದು ವಿವೇಚಿಸುವುದರಲ್ಲಿ ಪಳಗಿದವರು. ಗ್ರಂಥಸಂಪಾದನೆಯ ಈ ಎಚ್ಚರವನ್ನು ಕಮ್ಮಟದ ವರದಿಗೂ ಅನ್ವಯಿಸುವುದು ಅವರಿಗೆ ಕಷ್ಟವಾಗಲಾರದು. ತಾಳೆಗರಿಯ ಲಿಪಿಕಾರನನ್ನು ಪ್ರಶ್ನಿಸುವ ಶಿಸ್ತು ಬಿಳಿಹಾಳೆಯ ಲಿಪಿಕಾರನನ್ನೂ ಪ್ರಶ್ನಿಸಬೇಕಾಗುತ್ತದೆ. ಆ ಲಿಪಿಕಾರರು ಬಹುಮಟ್ಟಿಗೆ ಅಧ್ಯಾಪಕರೂ ಸಂಶೋಧಕರೂ ಆಗಿರುವುದರಿಂದ ಈ ಹೊಣೆ ಇನ್ನೂ ಹೆಚ್ಚಿನದು. ಎಲ್ಲರನ್ನೂ ಮಾತನಾಡಿಸುವುದು ಗುಂಪು ಚಟುವಟಿಕೆಯ ಮೊದಲ ಅರ್ಧ. ಆಡಿದ ಮಾತನ್ನು ಆಡಿದವರು ಗುರುತಿಸುವಂತೆ ಬರಹಕ್ಕೆ ತರುವುದು ಅದರ ಉಳಿದ ಅರ್ಧ.